ಗೇರ್ ಲಿವರ್ ಗಿಡ್ಡವಾದರೆ ಕಾರು ಚುರುಕಾದೀತೆ?

ಮಹದೇವಪುರದ ಕೈಗಾರಿಕಾ ಪ್ರದೇಶದಲ್ಲಿ ಲೇತ್, ವೆಲ್ಡಿಂಗ್ ಎರಡೂ ಸುಲಭವಾಗಿ ಸಿಗುತ್ತವೆ. ಹಾಗಾಗಿ ಕಾರಿನ ಗೇರ್ ಲಿವರನ್ನು ಮಾರ್ಪಡಿಸಿ 'ಶಾರ್ಟ್ ಶಿಫ್ಟರ್' ಮಾಡಿಕೊಳ್ಳುವುದು ಹವ್ಯಾಸಿಗಳಿಗೆ ಕಷ್ಟವಲ್ಲ. ಇದರಿಂದ ಗೇರ್ ಬೇಗ ಬಿದ್ದು ಕಾರು ಚುರುಕಾಗುತ್ತದೆ ಎಂಬುದು ಅವರ ವಾದ. ಇದೆಷ್ಟು ಸರಿ? ನೀವೇ ಲೆಕ್ಕ ಹಾಕಿ ನೋಡಿ.

ಗೇರ್ ಲಿವರ್ ಒಂದು ಸನ್ನೆ. ಆಧಾರ ಬಿಂದುವಿನ ಮೇಲಿನ ತೋಳು 300 ಮಿ.ಮೀ., ಕೆಳಗಿನದು 50 ಮಿ.ಮೀ. ಎಂದುಕೊಳ್ಳಿ. ಕೆಳತುದಿ 10 ಮಿ.ಮೀ. ಸರಿಯಲು ಹಿಡಿಕೆ 60 ಮಿ.ಮೀ. ಚಲಿಸಬೇಕು. ಕೆಳತುದಿಗೆ 120 ನ್ಯೂಟನ್ ಬಲ ಬೇಕಿದ್ದರೆ ಕೈ 20 ನ್ಯೂಟನ್ ಒದಗಿಸಿದರೆ ಸಾಕು. ಈಗ ಕೆಳತೋಳಿಗೆ ತುಂಡು ಬೆಸೆದು 75 ಮಿ.ಮೀ. ಮಾಡಿ. ಹಿಡಿಕೆಯ ಚಲನೆ 40 ಮಿ.ಮೀ.ಗೆ ಇಳಿಯುತ್ತದೆ, ಕೈಬಲ 30 ನ್ಯೂಟನ್‌ಗೆ ಏರುತ್ತದೆ. ಕೆಲಸ ಮಾತ್ರ ಅದೇ 1.2 ಜೂಲ್!

ಆಕ್ಷೇಪ ಇರುವುದು ಬೆಸುಗೆಯ ಬಗ್ಗೆ. ಆಧಾರದ ಬಳಿ ಸರಳನ್ನು ಬಾಗಿಸುವ ಭ್ರಾಮಕ 6ರಿಂದ 9 ನ್ಯೂಟನ್-ಮೀಟರ್‌ಗೆ ಏರುತ್ತದೆ. ಬೆಸುಗೆ ಕಳಪೆಯಾಗಿದ್ದರೆ ಕಾರು ಓಡುತ್ತಿರುವಾಗಲೇ ಲಿವರ್ ಮುರಿದೀತು. ಅದರ ಬದಲು ಮೇಲಿನ ತೋಳನ್ನು 200 ಮಿ.ಮೀ.ಗೆ ಕತ್ತರಿಸಿ, ಹಿಡಿಕೆಗೆ ಹೊಸದಾಗಿ ಥ್ರೆಡ್ ಹಾಕಿಸಿದರೆ? ಚಲನೆ, ಕೈಬಲ ಎರಡೂ ಅಷ್ಟೇ. ಭ್ರಾಮಕ 6ರಲ್ಲೇ ಉಳಿಯುತ್ತದೆ. ಹಿಡಿಕೆ ತುಸು ತಗ್ಗಾಗುತ್ತದೆ, ಅಷ್ಟೆ.

ಇನ್ನು ಚುರುಕಿನ ಮಾತು. ಹಲ್ಲುಗಳು ಕೂಡುವ ಮುನ್ನ ಘರ್ಷಣೆಯಿಂದ ವೇಗಗಳನ್ನು ಸರಿದೂಗಿಸುವ ಸಿಂಕ್ರೊಮೆಷ್ 1928ರಲ್ಲಿ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಕೆಳತುದಿಯ ಬಲ ಅಷ್ಟೇ ಇದ್ದರೆ, ಅದಕ್ಕೆ ಬೇಕಾದ ಸಮಯ ಲಿವರ್ ಗಿಡ್ಡವಾದ ಮಾತ್ರಕ್ಕೆ ಕಡಿಮೆಯಾಗದು. ಅವಸರದಿಂದ ನೂಕಿದರೆ ಸಿಂಕ್ರೊ ಉಂಗುರಗಳು ಬೇಗ ಸವೆಯುತ್ತವೆ.

ಶಾರ್ಟ್ ಶಿಫ್ಟರ್ ಕೈಯ ಓಡಾಟವನ್ನು ತಗ್ಗಿಸುತ್ತದೆ, ನಿಜ. ಎಂಜಿನ್ನಿನ ಶಕ್ತಿಯನ್ನು ಹೆಚ್ಚಿಸುವುದಿಲ್ಲ. ಸನ್ನೆಯ ಪಾಠಕ್ಕೆ ಮಾತ್ರ ಇದೊಂದು ಒಳ್ಳೆಯ ಉದಾಹರಣೆ, ತರಗತಿಯಲ್ಲಿ ಬಳಸಿಕೊಳ್ಳಿ.