ಮಕ್ಕಳ ಪ್ರಬಂಧದಲ್ಲಿ ಮಕ್ಕಳೆಲ್ಲಿ?

‘ನನ್ನ ನೆಚ್ಚಿನ ಹಬ್ಬ’ ಎಂಬ ವಿಷಯ ಕೊಟ್ಟರೆ ನಮ್ಮ ಪ್ರೌಢಶಾಲೆಗಳಲ್ಲಿ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. ಗೈಡಿನಲ್ಲಿ ದೀಪಾವಳಿಯಿದ್ದರೆ ಇಡೀ ತರಗತಿಗೆ ದೀಪಾವಳಿಯೇ ನೆಚ್ಚಿನ ಹಬ್ಬ. ಈದ್‌ನ ದಿನ ಅಮ್ಮಿಯ ಜೊತೆ ಶೀರ್‌ಖುರ್ಮಾಕ್ಕೆ ಶ್ಯಾವಿಗೆ ಹುರಿದ ಹುಡುಗಿಯೂ ಪಟಾಕಿಯ ಬಗ್ಗೆಯೇ ಬರೆಯುತ್ತಾಳೆ. ಅಂಕವೂ ಬರುತ್ತದೆ. ಆದರೆ ಆ ಬರಹದಲ್ಲಿ ಅವಳಿಲ್ಲ. ಪಟಾಕಿ ಕೊಳ್ಳಲು ದುಡ್ಡಿಲ್ಲದ ಮನೆಯಿಂದ ಬಂದ ಅವಳ ಸಹಪಾಠಿಯೂ ತನ್ನ ಬರಹದಲ್ಲಿಲ್ಲ.

ಶಾಲೆಯ ಕಲಿಕೆಯನ್ನು ಹೊರಗಿನ ಬದುಕಿಗೆ ಜೋಡಿಸಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು. ‘ಚಟುವಟಿಕೆ’ ಎಂಬ ಮಾತು ಈಗ ಶಾಲೆಗಳಲ್ಲಿ ಧಾರಾಳವಾಗಿ ಕೇಳಿಬರುತ್ತದೆ. ಬರೆಸುವ ಮೊದಲು ಮಾತಾಡಿಸುವುದು, ಪಟ್ಟಿ ಮಾಡಿಸುವುದು ಒಳ್ಳೆಯದೇ. ಆದರೆ ಮೇಷ್ಟ್ರು ಕರಿಹಲಗೆಯ ಮೇಲೆ ಹತ್ತು ಅಂಶ ಬರೆದು, ಮಕ್ಕಳು ಅವನ್ನೇ ವಾಕ್ಯ ಮಾಡಿದರೆ ಅದೂ ಗೈಡೇ, ಸುಣ್ಣದ ಕಡ್ಡಿಯಲ್ಲಿ ಬರೆದದ್ದು ಅಷ್ಟೆ.

ಇಟಲಿಯ ಬಾರ್ಬಿಯಾನಾ ಎಂಬ ಬೆಟ್ಟದೂರಿನಲ್ಲಿ ಲೊರೆಂಜೊ ಮಿಲಾನಿ ಎಂಬ ಪಾದ್ರಿ ಬಡಮಕ್ಕಳಿಗಾಗಿ ಶಾಲೆ ನಡೆಸುತ್ತಿದ್ದರು. ಅಲ್ಲಿನ ಎಂಟು ಹುಡುಗರು ಸೇರಿ ಬರೆದ ‘ಶಿಕ್ಷಕಿಗೊಂದು ಪತ್ರ’ 1967ರಲ್ಲಿ ಪ್ರಕಟವಾಯಿತು. ತಾವು ಬರೆದ ಬಗೆಯನ್ನೂ ಅವರು ಅದರಲ್ಲಿ ಹೇಳಿದ್ದಾರೆ. ಹೊಳೆದದ್ದನ್ನೆಲ್ಲ ಒಂದೊಂದು ಚೀಟಿಯಲ್ಲಿ ಗುರುತು ಹಾಕಿಕೊಳ್ಳುವುದು, ಆಮೇಲೆ ಎಲ್ಲವನ್ನೂ ಮೇಜಿನ ಮೇಲೆ ಹರಡಿ, ಮತ್ತೆ ಮತ್ತೆ ಬಂದದ್ದನ್ನು ತೆಗೆದು, ಸಂಬಂಧಪಟ್ಟವನ್ನು ಗುಂಪು ಮಾಡುವುದು. ಇದಕ್ಕೆ ಬೇಕಾದದ್ದು ಕಾಗದದ ಚೂರುಗಳು ಮತ್ತು ಪುರುಸೊತ್ತು. ನಮ್ಮ ಶಾಲೆಗಳಲ್ಲಿ ಎರಡನೆಯದೇ ದುಬಾರಿ.

ಒಂದು ಧಾರ್ಮಿಕ ಪೀಠ ಶಿಕ್ಷಣದ ಹೊಣೆ ಹೊತ್ತ ಸಿರಿಗೆರೆಯಂಥ ಊರಿನಲ್ಲಿ ಈ ಕ್ರಮ ಅಪರಿಚಿತವೆನಿಸಬೇಕಾಗಿಲ್ಲ. 1992ರಲ್ಲಿ ಲಿಂಗೈಕ್ಯರಾದ ತರಳಬಾಳು ಮಠದ ಶಿವಕುಮಾರ ಶಿವಾಚಾರ್ಯ ಸ್ವಾಮೀಜಿ ನಾಟಕಗಳನ್ನು ಬರೆದವರು. ‘ಆತ್ಮ ನಿವೇದನೆ’ ಅವರ ಆತ್ಮಕಥೆ. ಗುರುವೇ ತಮ್ಮ ಬದುಕನ್ನು ಬರೆದಿಟ್ಟ ಊರಿನಲ್ಲಿ ವಿದ್ಯಾರ್ಥಿಗೆ ‘ನಾನು’ ಎಂದು ಬರೆಯಲು ಸಂಕೋಚವೇಕೆ? 2021ರಲ್ಲಿ ಹತ್ತಿರದ ಭರಮಸಾಗರದ ಕೆರೆಗೆ ತುಂಗಭದ್ರೆಯ ನೀರು ಬಂತು. ‘ನೀರಿನ ಮಹತ್ವ’ ಎಂದು ವಿಷಯ ಕೊಡುವ ಬದಲು, ಆ ದಿನ ಅಜ್ಜಿ ಏನೆಂದರು, ಬೋರ್‌ವೆಲ್ ಬತ್ತಿದಾಗ ಮನೆಯಿಂದ ಏನು ಮಾರಾಟವಾಯಿತು, ಕೊಡ ಹೊತ್ತವರು ಯಾರು ಎಂದು ಕೇಳಿ ನೋಡಲಿ. ಒಂದು ಚೀಟಿಯಂತೆ ಇನ್ನೊಂದು ಇರುವುದಿಲ್ಲ.

ಆ ಚೀಟಿಗಳಲ್ಲಿ ಉರ್ದು ಮಾತು ಬರಬಹುದು, ಲಂಬಾಣಿ ಮಾತು ಬರಬಹುದು. ಅದಕ್ಕೆ ಕೆಂಪು ಗೆರೆ ಎಳೆಯುವುದು ನಮಗೆ ಒಪ್ಪಿಗೆಯಿಲ್ಲ. ಮುಸ್ಲಿಮ್ ಮನೆಯೊಳಗಿನ ಬದುಕು ಕನ್ನಡಕ್ಕೆ ಬಂದದ್ದು ಸಾರಾ ಅಬೂಬಕರ್, ಬೊಳುವಾರು ಮುಂತಾದವರು ಅದನ್ನು ತಿದ್ದಿ ಸಪ್ಪೆ ಮಾಡದೆ ಬರೆದುದರಿಂದಲೇ.

ಆದರೆ ಬರೆದದ್ದನ್ನೆಲ್ಲ ತರಗತಿಯ ಮುಂದೆ ಓದಿಸುವ ಹುಮ್ಮಸ್ಸೂ ಬೇಡ. ತಂದೆ ಕುಡಿದು ಬರುವ ಮನೆಯ ಮಗು, ಸಾಲಗಾರ ಬಾಗಿಲು ತಟ್ಟುವ ಮನೆಯ ಮಗು ನಿಜವನ್ನೇ ಬರೆದೀತು. ಅಂಥ ಚೀಟಿಯನ್ನು ಮಡಚಿ ಜೇಬಿನಲ್ಲಿ ಇಟ್ಟುಕೊಳ್ಳಲು ಬಿಡಬೇಕು, ಅದಕ್ಕಾಗಿ ಅಂಕ ಕಳೆಯಬಾರದು.