ಮೊಣಕಾಲಿನ ತೇಪೆ

ಸೊಲ್ಲಾಪುರದ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶ ಎಂದರೆ ಚಾದರ, ಟಾವೆಲ್ಲಿನ ಮಗ್ಗಗಳ ಸದ್ದು. ಊರಿನ ಇವೆರಡಕ್ಕೂ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಶಾಲಾ ಸಮವಸ್ತ್ರ ಹೊಲಿಯುವುದರಲ್ಲೂ ಊರಿಗೆ ಹೆಸರಿದೆ. ನನ್ನ ಮೆಚ್ಚುಗೆ ಮಾತ್ರ ಆ ಸಮವಸ್ತ್ರದ ಪ್ಯಾಂಟಿನ ಮೊಣಕಾಲು ಹರಿದ ಮೇಲೆ ಶುರುವಾಗುವ ಕಸುಬಿಗೆ.

ಕಸುಬು ಬಲ್ಲ ದರ್ಜಿ ತೂತಿನಷ್ಟೇ ತುಂಡು ಹಚ್ಚುವುದಿಲ್ಲ. ಸುತ್ತಲಿನ ಬಟ್ಟೆಯೂ ಸವೆದಿರುತ್ತದೆ. ಹೊಲಿಗೆ ಗಟ್ಟಿ ಬಟ್ಟೆಯನ್ನು ಮುಟ್ಟಬೇಕು. ಪ್ಯಾಂಟಿನ ಪುಟ್ಟ ಕಾಲು ಮಷೀನಿನಡಿ ಹರಡಿಕೊಳ್ಳುವುದಿಲ್ಲವಲ್ಲ, ಅದಕ್ಕೆ ಮೊದಲು ಪಕ್ಕದ ಹೊಲಿಗೆ ಬಿಚ್ಚುತ್ತಾನೆ. ತೇಪೆಯ ಮೂಲೆಗಳನ್ನು ದುಂಡಗೆ ಕತ್ತರಿಸುತ್ತಾನೆ, ಚೂಪು ಮೂಲೆಯೇ ಮೊದಲು ಕಿತ್ತುಬರುವುದು. ಹೊಸ ಹತ್ತಿಯ ತುಂಡಾದರೆ ಮೊದಲೇ ಒಗೆದಿರಬೇಕು. ಇಲ್ಲವೆಂದರೆ ಆಮೇಲೆ ಕುಗ್ಗಿ ಮೊಣಕಾಲೆಲ್ಲ ಸುಕ್ಕು. ಇಸ್ತ್ರಿ ಒತ್ತಿ ಅಂಟಿಸುವ ಕಾರ್ಟೂನ್ ತೇಪೆ ನನಗೆ ಹಿಡಿಸದು. ಮಕ್ಕಳ ಓಟು ಮಾತ್ರ ಅದಕ್ಕೇ!