ಭೋಗಭೂಮಿಯ ಕನಸು, ಮುಳುಗಡೆಯ ಲೆಕ್ಕ

ಬರಲಿರುವ ಕಾಲವನ್ನು ಚಿತ್ರಿಸುವ ವೈಜ್ಞಾನಿಕ ಕಾದಂಬರಿಗಳಲ್ಲಿ ಎರಡು ಬಗೆಯ ಸಮಾಜಗಳು ಕಾಣುತ್ತವೆ. ಒಂದರಲ್ಲಿ ಯಂತ್ರವು ದುಡಿಮೆಯನ್ನು ನೀಗಿಸಿ ಸುಖವನ್ನು ಹಂಚುತ್ತದೆ. ಇನ್ನೊಂದರಲ್ಲಿ ಅದೇ ಯಂತ್ರವು ಪ್ರಭುತ್ವದ ಕೈಸೇರಿ ಮನುಷ್ಯನನ್ನು ಬಂಧಿಸುತ್ತದೆ. ಜಾರ್ಜ್ ಆರ್ವೆಲ್ಲರ ‘ನೈಂಟೀನ್ ಎಯ್ಟಿಫೋರ್’ (1949) ಭಯದಿಂದ ಆಳುವ ರಾಜ್ಯವನ್ನು ತೋರಿಸಿದರೆ, ಆಲ್ಡಸ್ ಹಕ್ಸ್ಲಿಯವರ ‘ಬ್ರೇವ್ ನ್ಯೂ ವರ್ಲ್ಡ್’ (1932) ಸುಖದಿಂದಲೇ ಆಳುವ ರಾಜ್ಯವನ್ನು ತೋರಿಸುತ್ತದೆ. ಎರಡರಲ್ಲಿ ಹಕ್ಸ್ಲಿಯವರ ಕೃತಿಯೇ ಹೆಚ್ಚು ಆಳವಾದುದು.

ಕಾಲಚಕ್ರದ ಕಲ್ಪನೆಯನ್ನು ಬಲ್ಲ ಶ್ರಾವಕರಿಗೆ ಇದರ ಕಾರಣ ದುರ್ಗ್ರಾಹ್ಯವಲ್ಲ. ಭೋಗಭೂಮಿಯಲ್ಲಿ ಹತ್ತು ಬಗೆಯ ಕಲ್ಪವೃಕ್ಷಗಳು ಬೇಡಿದ್ದನ್ನೆಲ್ಲ ಕೊಡುತ್ತವೆ. ಅಲ್ಲಿ ಕೃಷಿಯಿಲ್ಲ, ವಾಣಿಜ್ಯವಿಲ್ಲ. ಆದರೆ ವ್ರತಧಾರಣೆಗೂ ಎಡೆಯಿಲ್ಲ, ಅಲ್ಲಿಂದ ಮೋಕ್ಷವೂ ಇಲ್ಲ. ಕಲ್ಪವೃಕ್ಷಗಳು ಮರೆಯಾಗಿ, ಆದಿನಾಥ ಸ್ವಾಮಿಯು ಅಸಿ, ಮಸಿ, ಕೃಷಿ ಮೊದಲಾದ ಷಟ್ಕರ್ಮಗಳನ್ನು ಬೋಧಿಸಿದ ಕರ್ಮಭೂಮಿಯಲ್ಲಿಯೇ ಮುಕ್ತಿಮಾರ್ಗ ತೆರೆಯಿತು. ಸಮೃದ್ಧಿಯೊಂದೇ ಸಮಾಜದ ಗುರಿಯಾಗಲಾರದು.

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಗೆ ಇದು ಬರಿಯ ಪುಸ್ತಕದ ವಿಚಾರವಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಿತು. ನಾಡಿಗೆ ಬೆಳಕು ಬಂದಿತು. ಶರಾವತಿ ಕಣಿವೆಯ ಗದ್ದೆ, ತೋಟ, ಮನೆಗಳು ನೀರಿನಡಿ ಸೇರಿದವು. ಒಬ್ಬರ ಸುವರ್ಣಯುಗವೇ ಮತ್ತೊಬ್ಬರ ದುಃಷಮಕಾಲವಾಯಿತು. ಸಾಗರದ ನಾ. ಡಿಸೋಜರು (1937–2025) ‘ದ್ವೀಪ’ದಲ್ಲಿ, ಏರುವ ನೀರಿನ ನಡುವೆ ನೆಲೆ ಬಿಡಲಾರದ ಕುಟುಂಬದ ಮೂಲಕ ಇದನ್ನೇ ಕಂಡರಿಸಿದರು. ಅದು ವೈಜ್ಞಾನಿಕ ಕಾದಂಬರಿಯಲ್ಲ. ಆದರೂ ಭವಿಷ್ಯದ ಕನಸಿಗೆ ಬೆಲೆ ತೆರುವವರು ಯಾರೆಂಬ ಪ್ರಶ್ನೆಯನ್ನು ಆ ಪ್ರಕಾರದ ಅನೇಕ ಕೃತಿಗಳಿಗಿಂತ ನೇರವಾಗಿ ಎತ್ತುತ್ತದೆ.

ಭವಿಷ್ಯಕಥೆಗಳ ಮುಖ್ಯ ಕೊರತೆ ಇರುವುದು ಇಲ್ಲಿಯೇ. ಅವು ದೋಷವನ್ನು ಯಂತ್ರದ ಮೇಲೋ ಸರ್ವಾಧಿಕಾರಿಯ ಮೇಲೋ ಹೊರಿಸುತ್ತವೆ; ಓದುಗನು ನಿರ್ದೋಷಿಯಾಗಿ ಪುಸ್ತಕ ಮುಚ್ಚುತ್ತಾನೆ. ಜೈನಾಚಾರವಾದರೋ ಕೃತ, ಕಾರಿತ, ಅನುಮೋದಿತವೆಂದು ಹಿಂಸೆಯನ್ನು ಮೂರು ಬಗೆಯಾಗಿ ಎಣಿಸುತ್ತದೆ. ತಾನು ಮಾಡದಿದ್ದರೂ, ಮಾಡಿಸದಿದ್ದರೂ, ಒಪ್ಪಿ ಫಲವುಂಡವನಿಗೆ ಪಾಲು ತಪ್ಪದು.

ಶರಾವತಿ ಕಣಿವೆಗೆ 2000 ಮೆಗಾವಾಟ್ ಸಾಮರ್ಥ್ಯದ ಭೂಗರ್ಭ ವಿದ್ಯುತ್ ಯೋಜನೆಯ ಪ್ರಸ್ತಾಪ ಬಂದಿರುವಾಗ ಈ ವಿಚಾರ ಮತ್ತೆ ಎದುರು ನಿಂತಿದೆ. ವಿದ್ಯುತ್ತು ಬೇಡವೆನ್ನುವುದು ಸುಲಭವೂ ಅಲ್ಲ, ಪ್ರಾಮಾಣಿಕವೂ ಅಲ್ಲ. ಆದರೆ ಜಮೆಯ ಪುಟವನ್ನಷ್ಟೇ ತೋರಿಸಿ ಖರ್ಚಿನ ಪುಟವನ್ನು ಮರೆಮಾಡುವ ಲೆಕ್ಕವನ್ನು ಯಾವ ವರ್ತಕನೂ ಒಪ್ಪುವುದಿಲ್ಲ. ಉತ್ಸವಕ್ಕೆ ಬಸದಿಯನ್ನು ವಿದ್ಯುದ್ದೀಪಗಳಿಂದ ಸಿಂಗರಿಸುವ ಮೊದಲು ಪರಿಗ್ರಹ ಪರಿಮಾಣವನ್ನು ನೆನೆಯುವ ಸಮಾಜವೇ ನಿಜವಾದ ಆಶಾದಾಯಕ ಭವಿಷ್ಯಕ್ಕೆ ಅರ್ಹವಾದುದು.